ಅಂಗವಿಕಲರ ಮಾಸಾಶನ: ನಿಂತುಹೋದ ಅರ್ಜಿಯನ್ನು ಮಂಜೂರಾತಿಯವರೆಗೆ ಒಯ್ಯುವ ಸಮಗ್ರ ಮಾರ್ಗದರ್ಶಿ

ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದವರನ್ನು ವಿಚಾರಿಸಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: "ಇನ್ನೂ ಪೆಂಡಿಂಗ್ ಇದೆಯಂತೆ." ಯಾವ ಕಚೇರಿಯಲ್ಲಿ, ಯಾರ ಲಾಗಿನ್‌ನಲ್ಲಿ, ಏನು ಕಾರಣಕ್ಕೆ ಎಂದು ಮರುಪ್ರಶ್ನೆ ಹಾಕಿದರೆ ಗೊತ್ತಿರುವುದಿಲ್ಲ. ಹೀಗಾಗಿ ಆಸ್ಪತ್ರೆಯಲ್ಲಿ ನಿಂತಿರುವ ಕೆಲಸಕ್ಕೆ ನಾಡಕಚೇರಿಗೆ ಅಲೆಯುತ್ತಾರೆ, ಬ್ಯಾಂಕಿನಲ್ಲಿ ಸಿಕ್ಕಿಬಿದ್ದಿರುವ ಹಣಕ್ಕೆ ತಹಶೀಲ್ದಾರರಿಗೆ ಮನವಿ ಕೊಡುತ್ತಾರೆ.

ಕರ್ನಾಟಕದಲ್ಲಿ ಈ ಮಾಸಾಶನ ಮೂರು ಬೇರೆ ಬೇರೆ ವ್ಯವಸ್ಥೆಗಳನ್ನು ದಾಟಿ ಬರಬೇಕು. ಅಂಗವಿಕಲತೆ ಶೇಕಡಾ ಎಷ್ಟು ಎಂಬುದನ್ನು ವೈದ್ಯಕೀಯ ಪ್ರಾಧಿಕಾರ ತೀರ್ಮಾನಿಸುತ್ತದೆ. ಆ ವ್ಯಕ್ತಿಗೆ ಮಾಸಾಶನ ಸಲ್ಲುತ್ತದೆಯೇ ಎಂಬುದನ್ನು ಕಂದಾಯ ಇಲಾಖೆ ತೀರ್ಮಾನಿಸುತ್ತದೆ. ಹಣವನ್ನು ಖಜಾನೆಯು ಆಧಾರ್ ಆಧಾರಿತ ಪಾವತಿಯ ಮೂಲಕ ಬ್ಯಾಂಕು ಅಥವಾ ಅಂಚೆ ಖಾತೆಗೆ ಕಳುಹಿಸುತ್ತದೆ. ಅರ್ಜಿ ಯಾವುದೇ ದಿನ ಈ ಮೂರರಲ್ಲಿ ಒಂದೇ ಒಂದು ಕಡೆ ನಿಂತಿರುತ್ತದೆ. ಅದು ಎಲ್ಲಿ ಎಂದು ಪತ್ತೆ ಮಾಡುವುದೇ ಅರ್ಧ ಕೆಲಸ. ಉಳಿದರ್ಧ, ಹಂತಗಳನ್ನು ಹಿಂದೆಮುಂದೆ ಮಾಡದೆ ಕ್ರಮವಾಗಿ ಮುಗಿಸುವುದು.

ಅರ್ಜಿಗೆ ಮುನ್ನ: ಅರ್ಹತೆ ಮತ್ತು ಬೇಕಾದ ಸಾಮಗ್ರಿ

ಮಾಸಾಶನಕ್ಕೆ ಕನಿಷ್ಠ ಶೇ 40ರಷ್ಟು ಅಂಗವಿಕಲತೆ ಇರಬೇಕು ಮತ್ತು ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿಗಿಂತ ಕಡಿಮೆ ಇರಬೇಕು. ಶೇ 40ರಿಂದ 75ರವರೆಗಿನ ಅಂಗವಿಕಲತೆಗೆ ತಿಂಗಳಿಗೆ 800 ರೂಪಾಯಿ, ಶೇ 75ಕ್ಕಿಂತ ಹೆಚ್ಚಿದ್ದರೆ 1,400 ರೂಪಾಯಿ, ತೀವ್ರ ಬೌದ್ಧಿಕ ಅಂಗವಿಕಲತೆ ಇರುವವರಿಗೆ 2,000 ರೂಪಾಯಿ ನಿಗದಿಯಾಗಿದೆ. ಈ ಮೊತ್ತಗಳನ್ನು ಸರ್ಕಾರ ಆಗಾಗ ಪರಿಷ್ಕರಿಸುವುದರಿಂದ ಅರ್ಜಿ ಹಾಕುವಾಗ ನಾಡಕಚೇರಿಯಲ್ಲಿ ಮತ್ತೊಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಸಂಧ್ಯಾ ಸುರಕ್ಷೆ, ವಿಧವಾ ವೇತನದಂತಹ ಇನ್ನೊಂದು ಸಾಮಾಜಿಕ ಭದ್ರತಾ ಪಿಂಚಣಿಯನ್ನು ಈಗಾಗಲೇ ಪಡೆಯುತ್ತಿರುವವರಿಗೆ ಅದರ ಜೊತೆಗೆ ಇದೂ ಸಿಗುವುದಿಲ್ಲ. ಯಾವುದು ಹೆಚ್ಚೋ ಅದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಬೇಕಾಗುತ್ತದೆ.

ಸಾಮಗ್ರಿ ದೊಡ್ಡದೇನಲ್ಲ. ಆಧಾರ್ ಕಾರ್ಡು, ಪಡಿತರ ಚೀಟಿ, ಚಿಕಿತ್ಸೆಯ ಹಳೆಯ ಕಾಗದಗಳು, ಇತ್ತೀಚಿನ ಭಾವಚಿತ್ರಗಳು, ಪಾಸ್‌ಬುಕ್ಕು, ಜೊತೆಗೆ ಒಂದು ನೋಟ್‌ಬುಕ್ಕು. ಕಚೇರಿಗೆ ಹೋದ ದಿನಾಂಕ, ಭೇಟಿಯಾದ ಸಿಬ್ಬಂದಿಯ ಹುದ್ದೆ, ಅವರು ಹೇಳಿದ ಮಾತು, ಕೊಟ್ಟ ಸಂಖ್ಯೆ ಇವೆಲ್ಲವನ್ನೂ ಅಲ್ಲೇ ಬರೆದಿಡಬೇಕು. ಮುಂದೆ ಮೇಲ್ಮನವಿ ಬರೆಯುವ ಹೊತ್ತಿಗೆ ಈ ನೋಟ್‌ಬುಕ್ಕಿನಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ.

ಮೊಬೈಲ್ ಸಂಖ್ಯೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದಾಗ ಒಟಿಪಿಗೆ ಅನುಕೂಲವೆಂದು ಅಂಗಡಿಯವರೇ ತಮ್ಮ ಸಂಖ್ಯೆ ಹಾಕಿಬಿಡುವುದುಂಟು. ಆಸ್ಪತ್ರೆಗೆ ಬರಬೇಕಾದ ದಿನದ ಸಂದೇಶ ಆ ಅಂಗಡಿಯ ಫೋನಿಗೆ ಹೋಗಿ ಅಳಿಸಿಹೋಗುತ್ತದೆ, ಅರ್ಜಿದಾರರು ಮಾತ್ರ ಕರೆ ಬರುತ್ತದೆಂದು ಮನೆಯಲ್ಲಿ ಕಾಯುತ್ತಿರುತ್ತಾರೆ. ಮನೆಯವರ ಬಳಿ ಸದಾ ಚಾಲ್ತಿಯಲ್ಲಿರುವ ಸಂಖ್ಯೆಯನ್ನೇ ಆಧಾರ್‌ಗೆ ಜೋಡಿಸಿ, ಎಲ್ಲ ಅರ್ಜಿಗಳಲ್ಲೂ ಅದನ್ನೇ ಕೊಡಬೇಕು.

ಹಂತ 1: ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ಆಗಿರಲಿ

ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲಿ, ಅದೂ ಯಾರಿಗೂ ಗೊತ್ತಾಗದಂತೆ. ಆಧಾರ್‌ನಲ್ಲಿ "ಮಂಜುಳಾ" ಎಂದಿರುತ್ತದೆ, ಪಡಿತರ ಚೀಟಿಯಲ್ಲಿ "ಮಂಜುಳಮ್ಮ", ಪಾಸ್‌ಬುಕ್ಕಿನಲ್ಲಿ "ಎಸ್. ಮಂಜುಳಾ", ಆಸ್ಪತ್ರೆಯ ಚೀಟಿಯಲ್ಲಿ "ಮಂಜುಳಾ ಕೋಂ ಶಿವಣ್ಣ". ಊರಿನವರಿಗೆ ಈ ನಾಲ್ವರೂ ಒಬ್ಬರೇ. ಆಧಾರ್‌ನೊಂದಿಗೆ ತಾಳೆ ನೋಡುವ ತಂತ್ರಾಂಶಕ್ಕೆ ಹಾಗಲ್ಲ. ಹೆಸರು ಹೊಂದದಿದ್ದರೆ ಒಂದೋ ಅರ್ಜಿ ಮುಂದೆ ಹೋಗುವುದಿಲ್ಲ, ಇಲ್ಲವೇ ಮಂಜೂರಾದ ಮೇಲೂ ಹಣ ಜಮಾ ಆಗುವುದಿಲ್ಲ.

ಆದ್ದರಿಂದ ಯಾವ ಅರ್ಜಿಗೂ ಮುನ್ನ ಎಲ್ಲ ಕಾಗದಗಳನ್ನು ಒಂದೆಡೆ ಹರಡಿಕೊಂಡು ಹೆಸರು, ಇನಿಶಿಯಲ್, ತಂದೆ ಅಥವಾ ಗಂಡನ ಹೆಸರು, ಜನ್ಮದಿನಾಂಕ, ವಿಳಾಸ ಇವನ್ನು ಒಂದೊಂದಾಗಿ ಹೋಲಿಸಬೇಕು. ಆಧಾರ್ ಅನ್ನೇ ಮೂಲವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ಆಧಾರ್‌ನಲ್ಲೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಬೇಕು. ಆದರೆ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದು ಸಲ ಮಾತ್ರ ತಿದ್ದಲು ಅವಕಾಶವಿರುವುದರಿಂದ ಅವಸರದಲ್ಲಿ ಇನ್ನೊಂದು ತಪ್ಪು ಮಾಡಿಕೊಳ್ಳಬಾರದು. ಕೈಬೆರಳು ಅಥವಾ ಕಣ್ಣಿನ ಗುರುತು ಸಿಗದವರಿಗೆ ಬಯೋಮೆಟ್ರಿಕ್ ವಿನಾಯಿತಿಯೊಂದಿಗೆ ಆಧಾರ್ ಮಾಡಿಕೊಡುವ ವ್ಯವಸ್ಥೆ ಇದೆ. ಗುರುತು ಬರುವುದಿಲ್ಲವೆಂದು ಆಧಾರ್ ಕೇಂದ್ರದಿಂದ ಹಿಂದೆ ಕಳುಹಿಸಿದರೆ ಆ ವಿನಾಯಿತಿಯನ್ನು ಹೆಸರಿಸಿಯೇ ಕೇಳಬೇಕು.

ಹಂತ 2: ಯುಡಿಐಡಿ ಅರ್ಜಿ

2021ರ ಜೂನ್ 1ರಿಂದ ದೇಶದಾದ್ಯಂತ ಅಂಗವಿಕಲತೆಯ ಪ್ರಮಾಣಪತ್ರವನ್ನು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್ ಮೂಲಕವೇ ಕೊಡಬೇಕೆಂಬ ನಿಯಮ ಜಾರಿಯಲ್ಲಿದೆ. ಹಳೆಯ ಕಾಗದದ ಪ್ರಮಾಣಪತ್ರ ಇರುವವರು ಅದನ್ನೇ ಲಗತ್ತಿಸಿ ಯುಡಿಐಡಿಗೆ ಅರ್ಜಿ ಹಾಕಬಹುದು. ಹೊಸಬರು ಸ್ವಾವಲಂಬನ್ ಎಂಬ ಹೆಸರಿನ ಅದೇ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಇದಕ್ಕೆ ಸರ್ಕಾರಿ ಶುಲ್ಕವಿಲ್ಲ. ಅಂಗಡಿಯವರು ಕೇಳುವುದು ಅವರ ಟೈಪಿಂಗ್ ಕೂಲಿ ಮಾತ್ರ. "ಪರ್ಸೆಂಟೇಜ್ ಮಾಡಿಸಿಕೊಡುತ್ತೇವೆ" ಎಂದು ಹೆಚ್ಚಿನ ಹಣ ಕೇಳುವವರಿಂದ ದೂರವಿರಬೇಕು, ಏಕೆಂದರೆ ಸುಳ್ಳು ಪ್ರಮಾಣಪತ್ರ ಸಿಕ್ಕಿಬಿದ್ದ ದಿನ ಶಿಕ್ಷೆ ಅನುಭವಿಸುವವರು ಅರ್ಜಿದಾರರು.

ಅರ್ಜಿ ತುಂಬುವಾಗ ಎರಡು ಕಡೆ ತಪ್ಪಾಗುತ್ತದೆ. ಮೊದಲನೆಯದು ಅಂಗವಿಕಲತೆಯ ವಿಧ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸುತ್ತದೆ. ಪಾರ್ಕಿನ್ಸನ್ ಕಾಯಿಲೆ, ತಲಸೇಮಿಯಾ, ಕುಡುಗೋಲು ಕಣ ರಕ್ತಹೀನತೆ, ಆಮ್ಲ ದಾಳಿಗೆ ತುತ್ತಾಗುವುದು, ಮಾನಸಿಕ ಅಸ್ವಸ್ಥತೆ, ಕಲಿಕಾ ನ್ಯೂನತೆ ಇವೂ ಅದರಲ್ಲಿ ಸೇರಿವೆ. ಬೌದ್ಧಿಕ ಅಂಗವಿಕಲತೆ ಮತ್ತು ಮಾನಸಿಕ ಅಸ್ವಸ್ಥತೆ ಇವೆರಡೂ ಪಟ್ಟಿಯಲ್ಲಿ ಬೇರೆ ಬೇರೆಯಾಗಿವೆ. ಒಂದರ ಬದಲು ಇನ್ನೊಂದನ್ನು ಆರಿಸಿದರೆ ಅರ್ಜಿ ತಪ್ಪು ತಜ್ಞರ ಬಳಿಗೆ ಹೋಗಿ ಅಲ್ಲೇ ಕೊಳೆಯುತ್ತದೆ. ಒಂದಕ್ಕಿಂತ ಹೆಚ್ಚು ಬಗೆಯಿದ್ದರೆ ಎಲ್ಲವನ್ನೂ ಗುರುತು ಹಾಕಬೇಕು.

ಎರಡನೆಯದು ಆಸ್ಪತ್ರೆಯ ಆಯ್ಕೆ. ವಾಸವಿರುವ ಜಿಲ್ಲೆಯ ಅಧಿಕೃತ ಆಸ್ಪತ್ರೆಯನ್ನು ಅಥವಾ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯನ್ನು ಆರಿಸಲು ನಿಯಮದಲ್ಲಿ ಅವಕಾಶವಿದೆ. ಹತ್ತಿರವೆಂಬ ಒಂದೇ ಕಾರಣಕ್ಕೆ ಸಂಬಂಧಪಟ್ಟ ತಜ್ಞರೇ ಇಲ್ಲದ ಆಸ್ಪತ್ರೆಯನ್ನು ಆರಿಸಿಕೊಂಡವರು, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಕಳುಹಿಸಿಕೊಳ್ಳುವುದಕ್ಕೇ ತಿಂಗಳುಗಳನ್ನು ಕಳೆಯುತ್ತಾರೆ. ಅರ್ಜಿಗೆ ಮುಂಚೆ ಆ ಆಸ್ಪತ್ರೆಗೆ ಹೋಗಿ ಮೂಳೆ, ಕಣ್ಣು, ಕಿವಿ, ಮನೋರೋಗ ಇವುಗಳಲ್ಲಿ ತಮಗೆ ಬೇಕಾದ ವಿಭಾಗದ ವೈದ್ಯರು ಅಂಗವಿಕಲತೆಯ ತಪಾಸಣೆಗೆ ವಾರದ ಯಾವ ದಿನ ಕೂರುತ್ತಾರೆ ಎಂದು ಕೇಳಿ ಬರುವುದು ಒಂದು ಬೆಳಗಿನ ಕೆಲಸ.

ಸಲ್ಲಿಸಿದ ಮೇಲೆ ಬರುವ ನೋಂದಣಿ ಸಂಖ್ಯೆಯನ್ನು ಮುದ್ರಿಸಿಕೊಂಡು ಇಟ್ಟುಕೊಳ್ಳಬೇಕು. ಈ ಕಾಯ್ದೆಯ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ವೈದ್ಯಕೀಯ ಪ್ರಾಧಿಕಾರ ಮೂರು ತಿಂಗಳೊಳಗೆ ಪ್ರಮಾಣಪತ್ರ ಕೊಡಬೇಕು ಅಥವಾ ಕಾರಣ ತಿಳಿಸಿ ನಿರಾಕರಿಸಬೇಕು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಅಂಶವಿದೆ: ಅರ್ಜಿದಾರರ ಕಡೆಯ ಕಾರಣದಿಂದ ಅರ್ಜಿ ಎರಡು ವರ್ಷ ತೀರ್ಮಾನವಾಗದೆ ಉಳಿದರೆ ಅದು ನಿಷ್ಕ್ರಿಯವಾಗಿ, ಮತ್ತೆ ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ. ಎರಡು ವರ್ಷದಿಂದ ಕಾಯುತ್ತಿದ್ದೇವೆ ಎನ್ನುವವರು ತಮ್ಮ ನೋಂದಣಿ ಇನ್ನೂ ಜೀವಂತವಾಗಿದೆಯೇ ಎಂದು ಪೋರ್ಟಲ್‌ನಲ್ಲಿ ಮೊದಲು ನೋಡಬೇಕು.

ಹಂತ 3: ವೈದ್ಯಕೀಯ ತಪಾಸಣೆಯ ದಿನ

ವೈದ್ಯರು ಅಳೆಯುವುದು ಕಾಯಿಲೆಯ ಹೆಸರನ್ನಲ್ಲ, ಅದರಿಂದ ಕುಂದಿದ ಸಾಮರ್ಥ್ಯವನ್ನು. ಈ ವ್ಯತ್ಯಾಸ ತಿಳಿಯದವರು ದೊಡ್ಡ ಕಾಯಿಲೆಗೆ ದೊಡ್ಡ ಶೇಕಡಾ ಸಿಗುತ್ತದೆಂದು ಭಾವಿಸಿ ನಿರಾಶರಾಗುತ್ತಾರೆ. ಪ್ರತಿಯೊಂದು ಬಗೆಗೂ ಕೇಂದ್ರ ಸರ್ಕಾರದ ಮಾರ್ಗಸೂಚಿ ಬೇರೆ ಬೇರೆ ಅಳತೆಯನ್ನು ನಿಗದಿ ಮಾಡಿದೆ. ಮಾನಸಿಕ ಅಸ್ವಸ್ಥತೆಯಲ್ಲಿ ಸ್ವಂತ ಆರೈಕೆ, ಇತರರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಎಂಬ ನಾಲ್ಕು ಬಾಬತ್ತುಗಳಿಗೆ ಅಂಕ ಹಾಕಿ, ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದನ್ನೂ ಅದಕ್ಕೆ ಸೇರಿಸುತ್ತಾರೆ. ಬೌದ್ಧಿಕ ಅಂಗವಿಕಲತೆಯಲ್ಲಿ ಬುದ್ಧಿಮಟ್ಟದ ಪರೀಕ್ಷೆಯ ಜೊತೆಗೆ ದೈನಂದಿನ ಹೊಂದಾಣಿಕೆಯ ಪರೀಕ್ಷೆಯೂ ಇರುತ್ತದೆ. ಶ್ರವಣ ದೋಷಕ್ಕೆ ಆಡಿಯೋಗ್ರಾಮ್ ಬೇಕು, ಸಣ್ಣ ಮಕ್ಕಳಿಗೆ ಬೆರಾ ಪರೀಕ್ಷೆ (ಶಬ್ದಕ್ಕೆ ಮಿದುಳಿನ ಪ್ರತಿಕ್ರಿಯೆ ನೋಡುವ ಪರೀಕ್ಷೆ) ಬೇಕಾಗಬಹುದು.

ಆ ದಿನ ಒಯ್ಯಬೇಕಾದದ್ದು: ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಸಾರಾಂಶಗಳು, ಎಕ್ಸ್‌ರೇ ಮತ್ತು ಸ್ಕ್ಯಾನ್ ವರದಿಗಳು, ಔಷಧ ಚೀಟಿಗಳು, ಬಳಸುವ ಸಾಧನಗಳು. ಕಾಗದಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ ಒಂದು ಜೆರಾಕ್ಸ್ ಪ್ರತಿ ಇಟ್ಟುಕೊಳ್ಳಬೇಕು, ಏಕೆಂದರೆ ಕೆಲವೊಮ್ಮೆ ಮೂಲ ಕಾಗದ ಕಡತದೊಳಗೆ ಸೇರಿ ಹಿಂದಿರುಗುವುದೇ ಇಲ್ಲ.

ನಮ್ಮ ಜನರಲ್ಲಿ ವೈದ್ಯರ ಮುಂದೆ ಮುಜುಗರ ಹೆಚ್ಚು. "ಹೇಗಿದ್ದೀರಿ?" ಎಂದು ಕೇಳಿದರೆ "ಪರವಾಗಿಲ್ಲ ಸಾರ್, ನಡೀತಾ ಇದೆ" ಎನ್ನುವುದು ಅಭ್ಯಾಸ. ಈ ಸೌಜನ್ಯಕ್ಕೆ ಅಲ್ಲಿ ಬೆಲೆ ತೆರಬೇಕಾಗುತ್ತದೆ. ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕೇ, ಸ್ನಾನಕ್ಕೆ ಇನ್ನೊಬ್ಬರು ಬೇಕೇ, ಅನ್ನದ ತುತ್ತನ್ನು ಯಾವ ಕೈಯಲ್ಲಿ ಎತ್ತುತ್ತಾರೆ, ವಾರದಲ್ಲಿ ಎಷ್ಟು ದಿನ ಹಾಸಿಗೆಯಿಂದ ಏಳಲಾಗುವುದಿಲ್ಲ ಎಂಬುದನ್ನು ಇದ್ದಂತೆಯೇ ಹೇಳಬೇಕು. ಮಾನಸಿಕ ಅಸ್ವಸ್ಥತೆ ಇರುವವರು ತಪಾಸಣೆಯ ದಿನ ಶಾಂತವಾಗಿ ಕಂಡರೆ ವೈದ್ಯರಿಗೆ ಉಳಿದ ದಿನಗಳ ಚಿತ್ರ ಸಿಗುವುದಿಲ್ಲ. ಆದ್ದರಿಂದ ಜೊತೆಯಲ್ಲಿ ವಾಸಿಸುವವರೊಬ್ಬರು ಹೋಗಲೇಬೇಕು. ಹಾಗೆಂದು ಇಲ್ಲದ್ದನ್ನು ಸೇರಿಸಿ ಹೇಳುವುದು ಕೂಡ ಅಷ್ಟೇ ಅಪಾಯ. ಬಾಗಿಲವರೆಗೆ ಸಲೀಸಾಗಿ ನಡೆದು ಬಂದು ಮೇಜಿನ ಮುಂದೆ ಕುಂಟುವುದನ್ನು ವೈದ್ಯರು ದಿನವೂ ನೋಡುತ್ತಾರೆ, ಆಮೇಲೆ ನಿಜವಾದ ನೋವನ್ನೂ ನಂಬುವುದಿಲ್ಲ.

ಬೇಗ ಹೋಗುವುದೂ ಒಂದು ತಪ್ಪು. ಪಾರ್ಶ್ವವಾಯುವಿನಂತಹ ನರಸಂಬಂಧಿ ತೊಂದರೆಗಳಲ್ಲಿ ಸಾಮಾನ್ಯವಾಗಿ ಕಾಯಿಲೆ ಆರಂಭವಾಗಿ ಆರು ತಿಂಗಳು ಕಳೆದ ಮೇಲೆ ಅಳತೆ ಮಾಡುತ್ತಾರೆ. ಅದಕ್ಕೆ ಮುಂಚೆ ಹೋದವರನ್ನು ಹಿಂದೆ ಕಳುಹಿಸಿದರೆ ಅದು ತಿರಸ್ಕಾರವಲ್ಲ. ಮತ್ತೆ ಬರಬೇಕಾದ ದಿನಾಂಕವನ್ನು ಚೀಟಿಯಲ್ಲಿ ಬರೆಸಿಕೊಂಡು ಬರಬೇಕು.

ಹಂತ 4: ಶೇಕಡಾ ಕಡಿಮೆ ಬಂದಾಗ

ಯುಡಿಐಡಿ ಕಾರ್ಡಿನ ಬಣ್ಣವೇ ಮೊದಲ ಸೂಚನೆ. ಶೇ 40ಕ್ಕಿಂತ ಕಡಿಮೆಯಿದ್ದರೆ ಬಿಳಿ, ಶೇ 40ರಿಂದ 80ರೊಳಗೆ ಇದ್ದರೆ ಹಳದಿ, ಶೇ 80 ಮತ್ತು ಮೇಲ್ಪಟ್ಟಿದ್ದರೆ ನೀಲಿ. ಬಿಳಿ ಕಾರ್ಡು ಹಿಡಿದು ಮಾಸಾಶನಕ್ಕೆ ಅರ್ಜಿ ಹಾಕುವುದರಲ್ಲಿ ಅರ್ಥವಿಲ್ಲ.

ಎರಡು ತಪ್ಪು ತಿಳಿವಳಿಕೆಗಳು ಇಲ್ಲಿ ಬಹಳ ಸಾಮಾನ್ಯ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಮಾರ್ಗಸೂಚಿಯ ಪ್ರಕಾರ ಸಿಗುವುದು ಶೇ 30 ಮಾತ್ರ. ಇದನ್ನು ಯಾವ ಮೇಲ್ಮನವಿಯೂ ಬದಲಿಸುವುದಿಲ್ಲ. ಎರಡನೆಯದು, ಎರಡು ಬಗೆಯ ಅಂಗವಿಕಲತೆ ಇದ್ದಾಗ ಶೇಕಡಾಗಳನ್ನು ಹಾಗೇ ಕೂಡಿಸುವುದಿಲ್ಲ. ಕಾಲಿಗೆ ಶೇ 40, ಕಿವಿಗೆ ಶೇ 30 ಇದ್ದರೆ ಒಟ್ಟು 70 ಆಗದು. ದೊಡ್ಡ ಸಂಖ್ಯೆಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಸೇರಿಸುತ್ತಾರೆ. ಈ ಉದಾಹರಣೆಯಲ್ಲಿ ಸುಮಾರು 57 ಬರುತ್ತದೆ. ಮೇಲ್ಮನವಿಗೆ ಹೊರಡುವ ಮುನ್ನ ಈ ಲೆಕ್ಕವನ್ನು ಮನೆಯಲ್ಲೇ ಮಾಡಿ ನೋಡಿದರೆ ವ್ಯರ್ಥ ಓಡಾಟ ತಪ್ಪುತ್ತದೆ.

ಅಳತೆಯೇ ತಪ್ಪಾಗಿದೆ ಎಂದು ಖಚಿತವಿದ್ದರೆ, ತೀರ್ಮಾನವಾದ ದಿನದಿಂದ 90 ದಿನಗಳೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಮೇಲ್ಮನವಿಯಲ್ಲಿ ಕಷ್ಟದ ಕಥೆಗಿಂತ ನಿರ್ದಿಷ್ಟ ಆಕ್ಷೇಪ ಕೆಲಸ ಮಾಡುತ್ತದೆ: ಯಾವ ಪರೀಕ್ಷೆ ಮಾಡಲಿಲ್ಲ, ಯಾವ ವರದಿಯನ್ನು ನೋಡಲಿಲ್ಲ, ಯಾವ ಅಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದು ಬರೆದು, ಆ ವರದಿಯನ್ನು ಲಗತ್ತಿಸಬೇಕು. ಯಾವ ಪ್ರಾಧಿಕಾರಕ್ಕೆ ಸಲ್ಲಿಸಬೇಕು ಎಂಬುದನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ತಿಳಿಸುತ್ತಾರೆ.

ಹಂತ 5: ಆದಾಯ ಪ್ರಮಾಣಪತ್ರ

ಬಿಪಿಎಲ್ ಕಾರ್ಡಿದೆಯಲ್ಲ, ಸಾಕು ಎಂದು ಸುಮ್ಮನಾಗುವಂತಿಲ್ಲ. ಬಿಪಿಎಲ್ ಕಾರ್ಡಿನ ಆದಾಯ ಮಿತಿಯೇ ಬೇರೆ, ಮಾಸಾಶನದ ಮಿತಿಯೇ ಬೇರೆ. ಮಕ್ಕಳ ವಿದ್ಯಾರ್ಥಿವೇತನಕ್ಕೆಂದು ಹಿಂದೆ ಮಾಡಿಸಿದ ಪ್ರಮಾಣಪತ್ರದಲ್ಲಿ 40,000 ಎಂದಿದ್ದು, ಅದರ ಆರ್‌ಡಿ ಸಂಖ್ಯೆಯನ್ನೇ (ಪ್ರಮಾಣಪತ್ರದ ಮೇಲಿರುವ ಗುರುತಿನ ಸಂಖ್ಯೆ) ಮಾಸಾಶನದ ಅರ್ಜಿಗೆ ಕೊಟ್ಟರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುವುದರಿಂದ ಇಂತಹ ಹಳೆಯ ಸಂಖ್ಯೆ ಎಷ್ಟೋ ಮನೆಗಳಲ್ಲಿ ಚಾಲ್ತಿಯಲ್ಲಿರುತ್ತದೆ.

ದುಡಿಯುತ್ತಿದ್ದವರೇ ಹಾಸಿಗೆ ಹಿಡಿದು ಆದಾಯ ನಿಜವಾಗಿಯೂ ಕುಸಿದಿದ್ದರೆ, ಆ ಕಾರಣ ತಿಳಿಸಿ ಹೊಸ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಮನೆಯಲ್ಲಿ ಸಂಬಳದ ನೌಕರಿಯವರಿದ್ದು ಆದಾಯ ಮಿತಿ ಮೀರಿದ್ದರೆ, ಮಾಸಾಶನದ ಆಸೆ ಬಿಟ್ಟು ಯುಡಿಐಡಿಯಿಂದ ಸಿಗುವ ರಿಯಾಯಿತಿ ಬಸ್ ಪಾಸ್, ಶಿಕ್ಷಣ ಮತ್ತು ಉದ್ಯೋಗದ ಮೀಸಲಾತಿಯಂತಹ ಸೌಲಭ್ಯಗಳ ಕಡೆ ಗಮನ ಕೊಡುವುದು ವಾಸಿ.

ಹಂತ 6: ನಾಡಕಚೇರಿಯಲ್ಲಿ ಅರ್ಜಿ

ಯುಡಿಐಡಿ ಸಂಖ್ಯೆ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಎರಡೂ ಕೈಯಲ್ಲಿದ್ದಾಗ ಮಾತ್ರ ಅಟಲ್‌ಜೀ ಜನಸ್ನೇಹಿ ಕೇಂದ್ರಕ್ಕೆ, ಅಂದರೆ ಹೋಬಳಿಯ ನಾಡಕಚೇರಿಗೆ ಹೋಗಬೇಕು. ಹಳ್ಳಿಗಳಲ್ಲಿ ಗ್ರಾಮ ಒನ್ ಕೇಂದ್ರದ ಮೂಲಕವೂ ಸಲ್ಲಿಸಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಬಹುತೇಕರು ಸ್ವತಃ ಅಂಗವಿಕಲರಾಗಿದ್ದು ಈ ದಾರಿಯನ್ನು ನಡೆದು ಬಲ್ಲವರು. ದಲ್ಲಾಳಿಗೆ ಕೊಡುವ ಹಣ ಉಳಿಸಿಕೊಂಡು ಅವರನ್ನು ಹುಡುಕುವುದು ಜಾಣತನ.

ಅರ್ಜಿ ಸಲ್ಲಿಕೆಯಾದದ್ದಕ್ಕೆ ಇರುವ ಪುರಾವೆ ಸಕಾಲದ, ಅಂದರೆ ನಿಗದಿತ ದಿನಗಳೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ ರಾಜ್ಯದ ಕಾಯ್ದೆಯ, ಸ್ವೀಕೃತಿ ಚೀಟಿ ಒಂದೇ. ಅದರಲ್ಲಿ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಸ್ಥಿತಿ ನೋಡಲು ಬೇಕಾದ ಸಂಖ್ಯೆ) ಮತ್ತು ಸೇವೆ ಕೊಡಬೇಕಾದ ಕೊನೆಯ ದಿನಾಂಕ ಇರುತ್ತದೆ. "ಸರ್ವರ್ ಡೌನ್ ಇದೆ, ಕಾಗದ ಇಟ್ಟು ಹೋಗಿ, ನಾವೇ ಹಾಕುತ್ತೇವೆ" ಎಂಬ ಮಾತಿಗೆ ಒಪ್ಪಿಕೊಂಡು ಬಂದವರ ಅರ್ಜಿ ಎಷ್ಟೋ ಸಲ ಗಣಕಯಂತ್ರವನ್ನೇ ಸೇರಿರುವುದಿಲ್ಲ. ವರ್ಷಗಟ್ಟಲೆ ಕಾದೆವು ಎನ್ನುವ ಕೆಲವರು ನಿಜವಾಗಿ ಅರ್ಜಿಯನ್ನೇ ಹಾಕಿರುವುದಿಲ್ಲ ಎಂಬುದು ಕಹಿಯಾದರೂ ಸತ್ಯ. ಸ್ವೀಕೃತಿ ಸಿಗದಿದ್ದರೆ ಕಾಗದಗಳನ್ನು ವಾಪಸು ಪಡೆದು ಮರುದಿನ ಹೋಗಬೇಕು.

ಹಂತ 7: ಸ್ಥಳ ಪರಿಶೀಲನೆ

ಅರ್ಜಿ ಮೊದಲು ಗ್ರಾಮ ಆಡಳಿತ ಅಧಿಕಾರಿಯ ಬಳಿಗೆ ಹೋಗುತ್ತದೆ. ಜನ ಇನ್ನೂ ವಿಎ ಎಂದೇ ಕರೆಯುವ ಇವರು ಮನೆಗೆ ಬಂದು ಅಥವಾ ಊರಿನಲ್ಲಿ ವಿಚಾರಿಸಿ ವರದಿ ಬರೆಯುತ್ತಾರೆ. ಬಳಿಕ ಕಂದಾಯ ನಿರೀಕ್ಷಕರ ವರದಿ, ಕೊನೆಗೆ ತಹಶೀಲ್ದಾರ್ ಹಂತದಲ್ಲಿ ಮಂಜೂರಾತಿ.

ವಿಎ ಬಂದ ದಿನ ಮನೆಗೆ ಬೀಗ ಹಾಕಿದ್ದರೆ ವರದಿಯಲ್ಲಿ "ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ" ಎಂಬ ಒಂದು ಸಾಲು ಬೀಳುತ್ತದೆ. ಚಿಕಿತ್ಸೆಗೆಂದು ಮಗಳ ಮನೆಗೆ ಹೋಗಿದ್ದ ವಿಷಯ ಅದರಲ್ಲಿ ಇರುವುದಿಲ್ಲ. ಅರ್ಜಿ ಹಾಕಿದ ವಾರದೊಳಗೆ ವಿಎ ಕಚೇರಿಗೆ ಹೋಗಿ ಸ್ವೀಕೃತಿಯ ಪ್ರತಿ ಕೊಟ್ಟು, ಮನೆ ಇರುವ ಗುರುತು ಹೇಳಿ, ಫೋನ್ ಸಂಖ್ಯೆ ಬಿಟ್ಟು ಬಂದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಅಕ್ಕಪಕ್ಕದ ಮನೆಯವರಿಗೂ ಹೇಳಿಟ್ಟಿರಬೇಕು.

ಹಂತ 8: ಗಡುವು ಮೀರಿದಾಗ

ಸ್ವೀಕೃತಿಯಲ್ಲಿ ಅಚ್ಚಾಗಿರುವ ದಿನಾಂಕದವರೆಗೆ ಗಲಾಟೆ ಮಾಡಿ ಪ್ರಯೋಜನವಿಲ್ಲ. ಅದು ದಾಟಿದ ಮರುದಿನವೇ ಕೆಲಸ ಆರಂಭಿಸಬೇಕು. ಮೊದಲು ಜಿಎಸ್‌ಸಿ ಸಂಖ್ಯೆ ಹಾಕಿ ಅರ್ಜಿ ಯಾವ ಅಧಿಕಾರಿಯ ಲಾಗಿನ್‌ನಲ್ಲಿದೆ ಎಂದು ನೋಡಿ, ಅದೇ ಮೇಜಿನ ವಿಷಯ ನಿರ್ವಾಹಕರನ್ನು ಕಾಣಬೇಕು. ಬಹಳಷ್ಟು ಅರ್ಜಿಗಳು ಇಷ್ಟರಲ್ಲೇ ಅಲ್ಲಾಡುತ್ತವೆ.

ಅಲ್ಲಾಡದಿದ್ದರೆ ಸಕಾಲ ಕಾಯ್ದೆಯ ಅಡಿಯಲ್ಲಿ, ಗಡುವು ಮುಗಿದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಕಾಯ್ದೆ ಹೇಳುತ್ತದೆ. ಆ ಹಣ ದೊಡ್ಡದಲ್ಲ. ಮೇಲ್ಮನವಿ ದಾಖಲಾದರೆ ವಿಳಂಬಕ್ಕೆ ಒಬ್ಬ ಅಧಿಕಾರಿ ಹೆಸರಿಟ್ಟು ಉತ್ತರಿಸಬೇಕಾಗುತ್ತದೆ, ಲಾಭ ಇರುವುದು ಅದರಲ್ಲಿ. ಜೊತೆಗೆ 1902 ಜನಸ್ಪಂದನ ಸಹಾಯವಾಣಿಯಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆಯಬಹುದು. ಹೋಬಳಿ ಮಟ್ಟದಲ್ಲಿ ಪಿಂಚಣಿ ಅದಾಲತ್ ನಡೆಯುವ ದಿನ ಗೊತ್ತಾದರೆ ಎಲ್ಲ ಕಾಗದಗಳೊಂದಿಗೆ ಖುದ್ದಾಗಿ ಹೋಗಬೇಕು, ಏಕೆಂದರೆ ಅಂದು ತೀರ್ಮಾನಿಸುವ ಅಧಿಕಾರಿಗಳು ಒಂದೇ ಕಡೆ ಸಿಗುತ್ತಾರೆ.

ಮಾಹಿತಿ ಹಕ್ಕಿನ ಅರ್ಜಿ ಇನ್ನೊಂದು ಉಪಾಯ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ, 30 ದಿನಗಳಲ್ಲಿ ಉತ್ತರ ಬರಬೇಕು. "ನನ್ನ ಅರ್ಜಿ ಏಕೆ ಮಂಜೂರಾಗಿಲ್ಲ?" ಎಂದು ಕೇಳಿದರೆ ನುಣುಚಿಕೊಳ್ಳುವ ಉತ್ತರ ಬರುತ್ತದೆ. ಅರ್ಜಿಯ ಮೇಲೆ ಪ್ರತಿ ಹಂತದಲ್ಲಿ ಕೈಗೊಂಡ ಕ್ರಮದ ದಿನಾಂಕ, ವಿಎ ಮತ್ತು ಕಂದಾಯ ನಿರೀಕ್ಷಕರ ವರದಿಯ ದೃಢೀಕೃತ ಪ್ರತಿ ಎಂದು ದಾಖಲೆಯನ್ನೇ ಕೇಳಬೇಕು.

ಹಂತ 9: ಹಿಂಬರಹ ಬಂದರೆ

ಅರ್ಜಿ ತಿರಸ್ಕೃತವಾದರೆ ಕಾರಣ ಬರೆದ ಹಿಂಬರಹ ಪಡೆಯುವುದು ಅರ್ಜಿದಾರರ ಹಕ್ಕು. ಬಾಯಿಮಾತಿನ "ಆಗಲ್ಲ" ಎಂಬುದನ್ನು ಒಪ್ಪಿಕೊಳ್ಳಬಾರದು. ಹಿಂಬರಹದಲ್ಲಿರುವ ಕಾರಣವನ್ನು ಓದಿ, ಅದು ಯಾವ ಬಗೆಯದು ಎಂದು ನಿರ್ಧರಿಸಬೇಕು. ದಾಖಲೆ ಕೊರತೆ, ಹೆಸರಿನ ವ್ಯತ್ಯಾಸ, ಅವಧಿ ಮುಗಿದ ಪ್ರಮಾಣಪತ್ರ ಇವು ಕಾರಣವಾಗಿದ್ದರೆ ಮೇಲ್ಮನವಿಗಿಂತ ದಾಖಲೆ ಸರಿಪಡಿಸಿ ಹೊಸ ಅರ್ಜಿ ಹಾಕುವುದು ಬೇಗ ಮುಗಿಯುತ್ತದೆ. ವಾಸವಿಲ್ಲ, ಆದಾಯ ಹೆಚ್ಚು ಎಂಬಂತಹ ವಾಸ್ತವಕ್ಕೆ ವಿರುದ್ಧವಾದ ವರದಿಯಾಗಿದ್ದರೆ 30 ದಿನಗಳೊಳಗೆ ಮೇಲ್ಮನವಿಯೇ ಸರಿ. ಕಾರಣ ತಿಳಿಯದೆ ಮತ್ತೆ ಮತ್ತೆ ಅದೇ ಕಾಗದಗಳೊಂದಿಗೆ ಹೊಸ ಅರ್ಜಿ ಹಾಕುವವರಿದ್ದಾರೆ. ಫಲಿತಾಂಶವೂ ಅದೇ ಬರುತ್ತದೆ.

ಯಾವ ಕಚೇರಿಯೂ ಕಿವಿಗೊಡದಿದ್ದಾಗ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ಲಿಖಿತ ದೂರು ಕೊಡಬಹುದು. 2016ರ ಕಾಯ್ದೆ ಅವರಿಗೆ ವಿಚಾರಣೆಯ ವೇಳೆ ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳನ್ನು ಕೊಟ್ಟಿದೆ: ಅಧಿಕಾರಿಗಳನ್ನು ಕರೆಸುವುದು, ದಾಖಲೆ ತರಿಸುವುದು ಅದರಲ್ಲಿ ಸೇರಿವೆ.

ಹಂತ 10: ಮಂಜೂರಾಯಿತು, ಹಣ ಬರಲಿಲ್ಲ

ಮಂಜೂರಾತಿ ಆದೇಶದ ಪ್ರತಿಯನ್ನು ಕೈಗೆ ಪಡೆಯದೆ ಕಚೇರಿಯಿಂದ ಹೊರಡಬಾರದು. ಆದೇಶ ಬಂದು ತಿಂಗಳುಗಳಾದರೂ ಖಾತೆ ಖಾಲಿಯಾಗಿದ್ದರೆ ಇನ್ನು ನೋಡಬೇಕಾದದ್ದು ತಾಲ್ಲೂಕು ಕಚೇರಿಯನ್ನಲ್ಲ, ಆಧಾರ್ ಜೋಡಣೆಯನ್ನು.

ಇಲ್ಲಿ ಬ್ಯಾಂಕಿನವರ ಮಾತೂ ಅರ್ಜಿದಾರರ ತಿಳಿವಳಿಕೆಯೂ ಬೇರೆಯಾಗುತ್ತವೆ. "ಆಧಾರ್ ಲಿಂಕ್ ಆಗಿದೆ" ಎಂದು ಬ್ಯಾಂಕಿನವರು ಹೇಳಿದಾಗ ಅದು ಖಾತೆಯ ಗುರುತಿನ ದಾಖಲೆಯಾಗಿ ಮಾತ್ರ ಸೇರಿರಬಹುದು. ಸರ್ಕಾರದ ಹಣ ಬರಲು ಆ ಖಾತೆ ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ, ಅಂದರೆ ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮ ಇಟ್ಟಿರುವ ಪಟ್ಟಿಯಲ್ಲಿ, ಇರಬೇಕು. ಒಬ್ಬರಿಗೆ ಎರಡು ಮೂರು ಖಾತೆಗಳಿದ್ದರೆ, ಕೊನೆಯದಾಗಿ ಮ್ಯಾಪ್ ಆದ ಖಾತೆಗೇ ಹಣ ಹೋಗುತ್ತದೆ. ಅರ್ಜಿಯ ಜೊತೆ ಯಾವ ಪಾಸ್‌ಬುಕ್ಕು ಲಗತ್ತಿಸಲಾಗಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಹಣ ಬಂದಿಲ್ಲವೆಂದು ಕೊರಗುವ ಕೆಲವರ ಮಾಸಾಶನ, ಎಂದೋ ಯಾರದೋ ಒತ್ತಾಯಕ್ಕೆ ತೆರೆದು ಮರೆತ ಅಂಚೆ ಪಾವತಿ ಬ್ಯಾಂಕಿನ ಖಾತೆಯಲ್ಲಿ ತಿಂಗಳು ತಿಂಗಳೂ ಸೇರುತ್ತಿರುತ್ತದೆ.

ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ (ಈ ಜೋಡಣೆಯ) ಸ್ಥಿತಿಯನ್ನು ನೋಡಿದರೆ ಯಾವ ಬ್ಯಾಂಕು ಮ್ಯಾಪ್ ಆಗಿದೆ ಎಂದು ತಿಳಿಯುತ್ತದೆ. ಡಿಬಿಟಿ (ಸರ್ಕಾರದ ಹಣದ ನೇರ ವರ್ಗಾವಣೆ) ಕರ್ನಾಟಕ ಆ್ಯಪ್‌ನಲ್ಲಿ ಪಾವತಿಯ ವಿವರ ಕಾಣುತ್ತದೆ. ಮ್ಯಾಪ್ ಆಗಿಲ್ಲದಿದ್ದರೆ ಅಥವಾ ಬೇರೆ ಬ್ಯಾಂಕಿಗೆ ಆಗಿದ್ದರೆ, ಬೇಕಾದ ಶಾಖೆಗೆ ಹೋಗಿ ಡಿಬಿಟಿಗಾಗಿ ಆಧಾರ್ ಸೀಡಿಂಗ್ ಮಾಡಬೇಕೆಂದು ಲಿಖಿತ ಕೋರಿಕೆ ಕೊಟ್ಟು, ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಕೆವೈಸಿ ಬಾಕಿಯಿರುವ ಖಾತೆಯನ್ನು ಅದೇ ಭೇಟಿಯಲ್ಲಿ ಸರಿಪಡಿಸಿಕೊಳ್ಳುವುದು ಒಳಿತು.

ಸ್ವತಃ ವ್ಯವಹರಿಸಲಾಗದ ಬೌದ್ಧಿಕ ಅಂಗವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವಿಕಲತೆ ಇರುವವರು 18 ವರ್ಷ ದಾಟಿದ ಮೇಲೆ ಬ್ಯಾಂಕು ಕಾನೂನುಬದ್ಧ ಪೋಷಕರ ಪತ್ರ ಕೇಳಬಹುದು. ಅದನ್ನು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಅಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿ ಕೊಡುತ್ತದೆ. ಮಗುವಿಗೆ 18 ತುಂಬುವ ಹೊತ್ತಿಗೇ ಅದಕ್ಕೆ ಅರ್ಜಿ ಹಾಕಿಟ್ಟಿರಬೇಕು.

ಹಂತ 11: ಬಂದ ಮಾಸಾಶನ ನಿಲ್ಲದಂತೆ

ಪ್ರಮಾಣಪತ್ರ ಶಾಶ್ವತವೋ ತಾತ್ಕಾಲಿಕವೋ ಎಂದು ನೋಡಿಕೊಳ್ಳಬೇಕು. ಮಕ್ಕಳಿಗೂ ಸುಧಾರಿಸಬಹುದಾದ ಸ್ಥಿತಿಗಳಿಗೂ ತಾತ್ಕಾಲಿಕ ಪ್ರಮಾಣಪತ್ರ ಕೊಡುವುದು ವಾಡಿಕೆ. ಅದರ ಕೊನೆಯ ದಿನಾಂಕ ಮುಗಿದು ಮಾಸಾಶನ ನಿಂತ ಮೇಲೆ ನವೀಕರಣಕ್ಕೆ ಹೊರಟರೆ ಮತ್ತೆ ವೈದ್ಯಕೀಯ ತಪಾಸಣೆಯ ಸರದಿಯಲ್ಲಿ ತಿಂಗಳುಗಳು ಹೋಗುತ್ತವೆ. ಅವಧಿ ಮುಗಿಯಲು ಇನ್ನೂ ನಾಲ್ಕೈದು ತಿಂಗಳು ಇರುವಾಗಲೇ ಪೋರ್ಟಲ್‌ನಲ್ಲಿ ನವೀಕರಣಕ್ಕೆ ಹಾಕಬೇಕು.

ಕಂದಾಯ ಇಲಾಖೆ ಕಾಲಕಾಲಕ್ಕೆ ಫಲಾನುಭವಿಗಳ ಭೌತಿಕ ಪರಿಶೀಲನೆ ನಡೆಸುತ್ತದೆ. ಮನೆ ಬದಲಿಸಿದರೆ ಆಧಾರ್ ವಿಳಾಸ ತಿದ್ದಿಸಿ ಹೊಸ ವ್ಯಾಪ್ತಿಯ ನಾಡಕಚೇರಿಗೆ ಲಿಖಿತವಾಗಿ ತಿಳಿಸಿ, ಅದರ ಸ್ವೀಕೃತಿ ಇಟ್ಟುಕೊಳ್ಳಬೇಕು. ಸತತ ಎರಡು ತಿಂಗಳು ಹಣ ಬರದಿದ್ದರೆ ಮೂರನೆಯದಕ್ಕೆ ಕಾಯದೆ ಮೊದಲು ಸೀಡಿಂಗ್ ಸ್ಥಿತಿ, ನಂತರ ಪ್ರಮಾಣಪತ್ರದ ಅವಧಿ, ಆಮೇಲೆ ನಾಡಕಚೇರಿ ಎಂಬ ಕ್ರಮದಲ್ಲಿ ವಿಚಾರಿಸಬೇಕು. ನಾಡಕಚೇರಿಯಲ್ಲಿ "ಸ್ಥಗಿತ" ಎಂದು ತೋರಿಸಿದರೆ ಯಾವ ದಿನಾಂಕದಿಂದ, ಯಾವ ಕಾರಣಕ್ಕೆ ಎಂಬುದನ್ನು ಬರೆಸಿಕೊಂಡು, ಪುನರಾರಂಭಕ್ಕೆ ಅರ್ಜಿಯನ್ನು ಅಂದೇ ಕೊಟ್ಟು ಬರಬೇಕು.